ಟಿಕೆಟ್ಟಿನಲ್ಲಿ ಕುಳ್ಳ, ಪಾಸ್‌ಪೋರ್ಟಿನಲ್ಲಿ ಮಹದೇವಸ್ವಾಮಿ

ಓದುಗರಿಗೆಲ್ಲ ನಮಸ್ಕಾರ. ನಾನು ಅಕ್ಷರ ಕಲಿತದ್ದು ತಡವಾಗಿ, ಟೈಪ್ ಮಾಡಲು ಕಲಿತದ್ದು ಇನ್ನೂ ತಡವಾಗಿ. ಒಂದು ಬೆರಳು ಕೆಲಸ ಮಾಡುತ್ತದೆ, ಉಳಿದ ಒಂಬತ್ತು ನೋಡುತ್ತಾ ಕೂತಿರುತ್ತವೆ. ತಪ್ಪು ಕಂಡರೆ ಆ ಒಂಬತ್ತನ್ನು ಬೈದು ನನ್ನನ್ನು ಕ್ಷಮಿಸಿ.

ನನ್ನ ತಂಗಿ ಸುಮ ಗಂಡನ ಜೊತೆ ದುಬೈನಲ್ಲಿದ್ದಾಳೆ. ಅವಳ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ನಿಗದಿಯಾಯಿತು. ನೀಲಗಿರಿಯ ಗೂಡಲೂರಿನ ನಮ್ಮ ಮನೆಗೆ ಫೋನ್ ಬಂತು.

"ಅಣ್ಣಾ, ಸೋದರಮಾವನ ತೊಡೆ ಮೇಲೆ ಕೂರಿಸ್ಕಂಡೇ ಚುಚ್ಚಿಸ್ಬೇಕು. ನಂಗಿರೋದು ನೀನೊಬ್ನೇ. ಶುಕ್ರವಾರದೊಳ್ಗೆ ಬಂದ್ಬುಡು."

ಪಾಸ್‌ಪೋರ್ಟಿನ ನಕಲು ತರಿಸಿಕೊಂಡು ವೀಸಾವನ್ನು ಅವಳ ಗಂಡ ಮಾಡಿಸಿದ. ಟಿಕೆಟ್ ಮಾತ್ರ ನಾನೇ ತೆಗೆಯುತ್ತೇನೆಂದು ಘೋಷಿಸಿದೆ. ಅಲ್ಲಿಯವರೆಗೆ ನನ್ನ ಅತಿ ದೂರದ ಪ್ರಯಾಣ ಚಾಮರಾಜನಗರ!

ಟ್ರಾವೆಲ್ಸ್‌ನವರು ಒಂದು ಫಾರಂ ಕೊಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಖಾನೆ: ಸರ್‌ನೇಮ್, ಗಿವನ್ ನೇಮ್. ಮನೆಗೆ ತಂದು, ಕನ್ನಡಕ ಒರೆಸಿ, ನಿಘಂಟು ಬಿಡಿಸಿ ಕೂತೆ.

ಸರ್‌ನೇಮ್ ಎಂದರೆ ಮನೆತನದ ಹೆಸರು. ನಮ್ಮ ಕಡೆ ಅಂಥದ್ದೆಲ್ಲಿದೆ? ಅಪ್ಪನ ಇನಿಷಿಯಲ್ ಒಂದಿದ್ದರೆ ಮುಗಿಯಿತು. ಆದರೆ ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಬೆಲ್ಲ ತಂದು ಮಾರುತ್ತಿದ್ದರಿಂದ ಊರಿಗೆಲ್ಲ ನಾವು ಬೆಲ್ಲದಂಗಡಿಯವರು. ಸರಿ, ಬರೆದೆ.

ಗಿವನ್ ಎಂದರೆ ಕೊಟ್ಟದ್ದು, ಇಟ್ಟದ್ದು. ಅಂದರೆ ಇಟ್ಟ ಹೆಸರು! ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ಇಟ್ಟದ್ದು 'ಕುಳ್ಳ'. ಮಹದೇವಸ್ವಾಮಿ ಎಂಬುದು ನಾನು ಮೀಸೆ ಮೊಳೆಯುವ ವಯಸ್ಸಿನಲ್ಲಿ ಶಾಲೆಗೆ ಸೇರಿದಾಗ ಹೆಡ್‌ಮಾಸ್ಟರು ಬರೆದುಕೊಂಡದ್ದು. ಬರೆದ ಹೆಸರು ಬೇರೆ, ಇಟ್ಟ ಹೆಸರು ಬೇರೆ. ಸರ್ಕಾರಕ್ಕೆ ಸುಳ್ಳು ಹೇಳಬಾರದು.

ಹೆಂಡತಿ ರತ್ನ ಅಡುಗೆಮನೆಯಿಂದಲೇ ಕೂಗಿದಳು. "ರೀ, ಬೀರುವಲ್ಲಿ ಪಾಸ್‌ಪೋರ್ಟ್ ಐತಲ್ಲ, ನೋಡ್ಕಂಡು ಬರೀರಿ."

"ನನ್ ಹೆಸ್ರು ನಂಗೊತ್ತಿಲ್ವೇನೆ?"

"ನಿಮ್ಗೆ ಗೊತ್ತಿರೋದೇ ಕಷ್ಟ!"

ಟಿಕೆಟ್ ಬಂತು. ಬೆಲ್ಲದಂಗಡಿ, ಕುಳ್ಳ, ಮಿಸ್ಟರ್. ಕುಳ್ಳನಿಗೆ ಮಿಸ್ಟರ್! ಅಜ್ಜಿ ಬದುಕಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದಳು.

ಗುರುವಾರ ನಮಗೆ ಹತ್ತಿರದ, ಕೇರಳದ ಕೋಳಿಕ್ಕೋಡ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಧಿಕಾರಿಯೊಬ್ಬರು ಟಿಕೆಟ್ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಮತ್ತೆ ಟಿಕೆಟ್ ನೋಡಿದರು.

"ಆರಾ ಈ ಕುಳ್ಳನ್?"

"ನಾನೇ ಸಾರ್."

ಮಲಯಾಳದಲ್ಲೂ ಕುಳ್ಳ ಎಂದರೆ ಕುಳ್ಳನೇ. ನಾನಿರುವುದು ಆರಡಿ. ಅವರು ನನ್ನ ಚಪ್ಪಲಿಯಿಂದ ನೋಡಲು ಶುರುಮಾಡಿ ತಲೆ ತಲುಪುವಷ್ಟರಲ್ಲಿ ಕತ್ತು ನೋಯಿಸಿಕೊಂಡರು.

"ಹುಟ್ಟುವಾಗ ಕುಳ್ಳನೇ ಇದ್ದೆ ಸಾರ್."

"ಅಪ್ಪೋ ಪೋಣಮಾಯಿರುನ್ನು!" ಎಂದರು. ಹಾಗಿದ್ದರೆ ಆಗಲೇ ಹೋಗಬೇಕಿತ್ತಂತೆ.

ಹೆಸರು ತಿದ್ದುವಂತಿಲ್ಲ, ಹೊಸ ಟಿಕೆಟ್ಟೇ ಬೇಕು, ಅದೂ ಸಿಗುವುದು ಭಾನುವಾರಕ್ಕೆ. ವಿಮಾನ ಹಾರಿತು. ಕುಳ್ಳ, ಮಹದೇವಸ್ವಾಮಿ ಇಬ್ಬರೂ ಕೆಳಗೇ ಉಳಿದರು. ಎಸ್‌ಟಿಡಿ ಬೂತಿನಿಂದ ತಂಗಿಗೆ ಫೋನ್ ಮಾಡಿದೆ.

"ಕುಳ್ಳ ಅಂತ ಬರ್ದಾ ಅಣ್ಣಾ?"

"ಇಟ್ಟ ಹೆಸ್ರು ಅದೇ ಅಲ್ವಾ ಸುಮಾ?"

ಅತ್ತಲಿಂದ ಅಳು ಕೇಳಿಸಿತು. ಅಳುವಿನ ಮಧ್ಯೆಯೇ ಒಂದು ನಗು ತಪ್ಪಿಸಿಕೊಂಡು ಬಂತು. "ನಂಗೆ ಅಜ್ಜಿ ಇಟ್ಟಿದ್ದು ಗುಂಡಿ ಅಂತ. ನಿನ್ ಲೆಕ್ಕ ಹಿಡಿದಿದ್ರೆ ನಾನೂ ಗೂಡಲೂರಲ್ಲೇ ಇರ್ತಿದ್ದೆ!"

ವಾಪಸು ಬಸ್ಸಿನಲ್ಲಿ, ನಾಡುಕಾಣಿ ಘಾಟಿ ಹತ್ತುವಾಗ ವಾಂತಿಗೆ ಹೆದರಿ ಬ್ಯಾಗಿಗೆ ಕೈ ಹಾಕಿದೆ. ವಿಮಾನಕ್ಕೆಂದು ತಂದಿದ್ದ ನಿಂಬೆಹಣ್ಣು ಅಲ್ಲಿ ಖರ್ಚಾಯಿತು.

ಶುಕ್ರವಾರದ ಮುಹೂರ್ತ ನನಗಾಗಿ ನಿಲ್ಲಲಿಲ್ಲ. ಸೋದರಮಾವ ಬೇಕೇ ಬೇಕು, ಆದರೆ ಅವನು ಗೂಡಲೂರಿನಲ್ಲಿದ್ದಾನೆ. ಸುಮ ನನ್ನ ಫೋಟೋವೊಂದನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ತನ್ನ ಗಂಡನ ತೊಡೆಯ ಮೇಲೆ ಮಲಗಿಸಿ, ಅದರ ಮೇಲೆ ಮಗುವನ್ನು ಕೂರಿಸಿ ಕಿವಿ ಚುಚ್ಚಿಸಿದಳು. ಶಾಸ್ತ್ರಕ್ಕೆ ಲೋಪವಾಗಲಿಲ್ಲ. ಸಂಜೆ ಅವಳೇ ಫೋನ್ ಮಾಡಿದಳು.

"ಚುಚ್ಚುವಾಗ ಮಗು ಹೆದ್ರಿ ಒದ್ದೆ ಮಾಡ್ಬುಡ್ತು ಅಣ್ಣಾ. ಗಾಜು ಹಾಕ್ಸಿದ್ದು ಒಳ್ಳೇದಾಯ್ತು."

ರತ್ನ ನೆಲದ ಮೇಲೆ ಕೂತು ನಕ್ಕಳು. ಅಂತೂ ಆ ಮರುಭೂಮಿಯಲ್ಲಿ ಅವತ್ತು ಮಳೆ ಬಿದ್ದದ್ದು ನನ್ನ ಮುಖದ ಮೇಲೆ ಮಾತ್ರ!

ಫಾರಂ ತುಂಬಲು ಹೋಗಿ ನಿಮ್ಮಲ್ಲಿ ಯಾರಾದರೂ ಹೀಗೆ ಮುಗ್ಗರಿಸಿದ್ದರೆ ದಯವಿಟ್ಟು ಬರೆಯಿರಿ. ಇಟ್ಟ ಹೆಸರನ್ನೇ ಹಾಕಿ. ನಾನೊಬ್ಬನೇ ಅಲ್ಲ ಎಂದು ರತ್ನಳಿಗೆ ತೋರಿಸುವುದಿದೆ.