ಟವರಿಗೊಂದು ಚಪ್ಪರ

ಮಟಮಟ ಮಧ್ಯಾಹ್ನ ತೆಂಗಿನ ನೆರಳಲ್ಲಿ ಚಾಪೆ ಹಾಸಿ ಮಲಗಿದರೆ ನನಗೆ ಲೋಕೋದ್ಧಾರದ ಯೋಚನೆಗಳೇ ಬರುತ್ತವೆ. ತಪ್ಪು ನನ್ನದಲ್ಲ, ಗಾಳಿಯದು.

ನಮ್ಮ ತೋಟದ ಮೂಲೆಯಲ್ಲೊಂದು ಮೊಬೈಲ್ ಟವರ್ ಇದೆ. ಅದರ ಬೇಲಿಯ ಬೀಗದ ಕೈ ನಮ್ಮ ಮನೆಯಲ್ಲೇ ಇರುತ್ತದೆ. ರಿಪೇರಿಗೆ ಬರುವ ಟೆಕ್ನಿಷಿಯನ್ ಒಮ್ಮೆ ಎಳನೀರು ಕುಡಿಯುತ್ತಾ ಹೇಳಿದ: "ಮಿಷನ್ ತಣ್ಣಗಿಡಕ್ಕೇ ಎಷ್ಟೋ ಕರೆಂಟು ಹೋಯ್ತದೆ ಅಣ್ಣಾ. ಮೇಲೊಂದಿಷ್ಟು ನೆರಳಿದ್ರೆ ಉಳೀತಿತ್ತು. ಜನ ಮಾತಾಡ್ದೇ ಇದ್ದಾಗ ಅದೂ ಅರ್ಧ ನಿದ್ದೆ ಮಾಡ್ತದೆ."

ನಿದ್ದೆ! ಟವರಿನ ಮೇಲೆ ನನಗೆ ಬಂಧುಪ್ರೀತಿಯೇ ಉಕ್ಕಿತು. ಕಣ್ಣು ಮುಚ್ಚಿದರೆ ಅದು ಗರಿಯ ನೆರಳಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಉಳಿದ ಕರೆಂಟು ಬೆಳದಿಂಗಳಾಗಿ ಊರ ಮೇಲೆ ಸುರಿಯುತ್ತಿತ್ತು.

ಮರುದಿನವೇ ಗರಿ ಹೆಣೆಯಲು ಕುಳಿತೆ. ವರ್ಷವಿಡೀ ಕತ್ತಲ ಅಟ್ಟದಲ್ಲಿ ಕಾಯಿ ಕೂಡಿಟ್ಟು ಉಂಡೆ ಕೊಬ್ಬರಿ ಮಾಡುವ ಮನೆತನ ನಮ್ಮದು. ನೆರಳಿನ ವಿಷಯ ನನಗೆ ಹೇಳಿಕೊಡಬೇಕೆ? ಟವರಿನ ಬುಡದಲ್ಲಿರುವ ಮಿಷನ್ ಪೆಟ್ಟಿಗೆಯ ಮೇಲೆ, ನಾಲ್ಕೂ ಕಡೆ, ಒಂದೆಳೆ ಬಿಸಿಲೂ ನುಸುಳದಂತೆ ಬಿಗಿದು ಕಟ್ಟಿದೆ.

ಹೆಂಡತಿ ಗಿರಿಜ ಓಡಿ ಬಂದಳು. "ರೀ, ಇವತ್ತು ಶೆಟ್ಟಿಕೆರೆ ಗಂಡಿನ ಕಡೆಯವ್ರು ಫೋನ್ ಮಾಡ್ತಾರೆ ಕಣ್ರೀ! ನಮ್ಮ ಸವಿತನ್ನ ಒಪ್ಪಿದ್ರೋ ಇಲ್ವೋ ಅಂತ. ಅದ್ರ ತಂಟೆಗೆ ಹೋಗ್ಬ್ಯಾಡಿ."

"ಸುಮ್ನೆ ಬುಡೇ. ಟವರ್ ತಣ್ಣಗಿದ್ರೆ ಮಾತೂ ತಣ್ಣಗೆ ಬತ್ತದೆ."

ಮಧ್ಯಾಹ್ನವಾಯಿತು. ಫೋನ್ ಬರಲಿಲ್ಲ. ಸಂಜೆಯಾಯಿತು. ಸಿಗ್ನಲ್ಲಿನ ಒಂದು ಕಡ್ಡಿಯೂ ಬರಲಿಲ್ಲ! ಆ ಹುಡುಗ ನಮ್ಮ ಮಗಳು ಸವಿತಳಿಗೆ ಮೆಚ್ಚಾಗಿದ್ದ. ಅವಳು ಫೋನನ್ನೇ ನೋಡುತ್ತಾ ಕುಳಿತಿದ್ದಳು.

ಅಷ್ಟರಲ್ಲಿ ಟೆಕ್ನಿಷಿಯನ್ ಬೈಕಿನಲ್ಲಿ ಬಂದಿಳಿದ. ಗರಿ ಸರಿಸಿದರೆ ಒಳಗಿನ ಝಳಕ್ಕೆ ಹಪ್ಪಳ ಸುಡಬಹುದಿತ್ತು.

"ಅಣ್ಣಾ, ಗಾಳಿ ಕಿಂಡೀನೂ ಮುಚ್ಚಿದ್ದೀರಲ್ಲ! ಕಾದು ಕಾದು ತಾನೇ ಆಫ್ ಆಗೈತೆ."

"ಹಂಗಾದ್ರೆ... ಕರೆಂಟು?"

"ಪೂರ್ತಿ ಉಳೀತು ಬುಡಿ!"

ಅದೇ ಹೊತ್ತಿಗೆ ಹುಡುಗನ ಸೋದರಮಾವ ಸ್ಕೂಟರ್ ನಿಲ್ಲಿಸಿದರು. "ಮಧ್ಯಾಹ್ನದಿಂದ ಮಾಡ್ತಾನೇ ಇದ್ದೀವಿ, ನಿಮ್ಮನೆಯವ್ರ ಎಲ್ಲಾ ಫೋನೂ ಆಫು. ನೀವೇ ಮನಸ್ಸು ಬದಲಾಯ್ಸಿದ್ರೇನೋ ಅಂತ ಬಂದೆ."

ಗಿರಿಜ ಒಂದನ್ನೂ ಬಿಡದೆ ನನ್ನ ಸಾಹಸ ವರ್ಣಿಸಿದಳು. ಅವರು ಪೆಟ್ಟಿಗೆ ನೋಡಿದರು, ಗರಿ ನೋಡಿದರು, ಕೊನೆಗೆ ನನ್ನನ್ನೂ ನೋಡಿದರು.

"ಹುಡುಗಿ ನಮ್ಗೆ ಒಪ್ಗೆ ಕಣಪ್ಪ."

ಸವಿತ ಒಳಗೋಡಿದಳು. ನನ್ನ ಕಣ್ಣು ತುಂಬಿ ಬಂತು.

"ಆದ್ರೆ ಒಂದು ಮಾತು," ಎಂದರು ಅವರು. "ಮದ್ವೆ ಚಪ್ಪರ ಮಾತ್ರ ಬೇರೆಯವ್ರ ಕೈಲಿ ಹಾಕ್ಸಿ."

ನಾನು ಬಾಯಿ ತೆರೆಯುವ ಮೊದಲೇ ಗಿರಿಜ, "ಆಗ್ಲಿ," ಎಂದುಬಿಟ್ಟಳು.