ಮೆಟ್ಟಿಲಲ್ಲಿ ತಿರುಗಿ ನೋಡುವ ಹುಡುಗಿ

ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ಇಂಗ್ಲಿಷ್ ನಟರಲ್ಲಿ ಯಾರು ಎಲ್ಲಿ ಮಾತು ಮರೆತರು ಎಂದು ಹೇಳಬಲ್ಲವರು ನಮ್ಮೂರು ಬೆಳುವಾಯಿಯಲ್ಲಿ ಅವರೊಬ್ಬರೇ!

ಎಂಬತ್ತರ ದಶಕದಲ್ಲಿ ಅವರ ಮಗ ದುಬೈಯಿಂದ ವಿಸಿಆರ್ ತಂದ. ಜತೆಗೆ ಒಂದು ಚೀಲ ಕ್ಯಾಸೆಟ್. ಅದರಲ್ಲಿದ್ದುದು ಪರದೇಶದ ಹಳೆಯ ಟಿವಿ ಧಾರಾವಾಹಿ: ಕತ್ತಲೆ ಬಂಗಲೆ, ಮೇಣದಬತ್ತಿ, ಗುಟ್ಟಿನ ಬಾಗಿಲು, ಮದುವೆಗೆ ಮೊದಲೇ ಸತ್ತು ಮೆಟ್ಟಿಲಲ್ಲಿ ಅಲೆಯುವ ಬಿಳಿಯಂಗಿಯ ಹುಡುಗಿ. ಹಿಂದಿ ಸಿನಿಮಾದ ಆಸೆಯಿಂದ ಬಂದ ನೆರೆಯವರು ಚಹಾ ಕುಡಿದು, ಹೆದರಿ ಎದ್ದು ಹೋಗುತ್ತಿದ್ದರು. ದೊಡ್ಡಮ್ಮ ಮಾತ್ರ ಎಲ್ಲ ಕ್ಯಾಸೆಟ್ ಮುಗಿದ ಮೇಲೆ ಪುನಃ ಮೊದಲಿನದನ್ನು ಹಾಕಿಸುತ್ತಿದ್ದರು.

"ಕತೆ ಗೊತ್ತುಂಟಲ್ಲ ದೊಡ್ಡಮ್ಮ?" ಎಂದೆ.

"ಯಕ್ಷಗಾನದ ಕತೆಯೂ ಗೊತ್ತುಂಟು. ಆದ್ರೂ ನೀನು ಹೋಗುದಿಲ್ವಾ? ವೇಷ ನೋಡು ಮಾರಾಯ!"

ವೇಷ ನೋಡಲು ಅವರಿಂದ ಕಲಿಯಬೇಕು. ಬಂಗಲೆಯ ಯಜಮಾನಿಯಾದ ಮುದುಕಿ ಕುರ್ಚಿಯಲ್ಲಿ ಕೂರುವ ಠೀವಿಗೇ ಅವರು ತಲೆದೂಗುತ್ತಿದ್ದರು. ಒಮ್ಮೆ ನಾಯಕ ಒರಗಿದ ಕಲ್ಲಿನ ಕಂಬ ಗಡಗಡ ಅಲ್ಲಾಡಿತು. ನಾವೆಲ್ಲ ನಕ್ಕೆವು. "ನಗ್ಬೇಡಿ. ಕಂಬ ಅಲ್ಲಾಡಿತು, ಅವ ಅಲ್ಲಾಡಿದನಾ?" ಎಂದು ಗದರಿದರು. ಇನ್ನೊಮ್ಮೆ ಅವನೇ ಮಾತಿನ ನಡುವೆ ಕಿಟಕಿಯ ಹೊರಗೆ ನೋಡಿದ. "ಮಾತು ಮರೆತ, ಪಾಪ. ಆದ್ರೆ ಬೆವರಲಿಲ್ಲ. ಅದು ಕಲಾವಿದ!" ಎಂದರು.

ಆದರೆ ಪಕ್ಷಪಾತವೆಲ್ಲ ಆ ಸತ್ತ ಹುಡುಗಿಯ ಮೇಲೆ. ತಾಯಿ ಕೆಳಗಿನಿಂದ ಹೆಸರು ಹಿಡಿದು ಕರೆಯುತ್ತಾಳೆ, ಹುಡುಗಿ ಮೆಟ್ಟಿಲಲ್ಲಿ ನಿಂತು ತಿರುಗುತ್ತಾಳೆ. ಅಷ್ಟೇ ದೃಶ್ಯ.

"ಇನ್ನೊಮ್ಮೆ ಹಾಕು!"

"ಟೇಪು ಸವೆದು ಹೋಗ್ತದೆ ಮಾರಾಯ್ತಿ," ದೊಡ್ಡಪ್ಪ ಗೊಣಗುತ್ತಿದ್ದರು.

"ಇಷ್ಟು ಅಲೆಸುವ ಬದಲು ಆ ಹುಡುಗಿಗೊಂದು ಮದುವೆ ಮಾಡಿಸಬಾರದಾ? ಇವರಲ್ಲಿ ಹೇಳಿಕೊಡ್ಲಿಕ್ಕೆ ಹಿರಿಯರು ಯಾರೂ ಇಲ್ವಾ?" ಒಂದು ರಾತ್ರಿ ದೊಡ್ಡಮ್ಮ ಕೇಳಿದರು.

ನಾವು ಹೊಟ್ಟೆ ಹಿಡಿದು ನಕ್ಕೆವು. ದೊಡ್ಡಪ್ಪ ಮಾತ್ರ ನಗದೆ ಎದ್ದು ಹೊರಗೆ ಹೋದರು.

ನಮ್ಮ ಕಡೆ ಮದುವೆಯಾಗದೆ ತೀರಿಹೋದವರಿಗೂ ಮದುವೆ ಮಾಡುವ ಕ್ರಮವಿದೆ. ಹಾಗೆಯೇ ತೀರಿಹೋದ ಹುಡುಗನನ್ನು ಇನ್ನೊಂದು ಮನೆಯಲ್ಲಿ ಹುಡುಕಿ ಸಂಬಂಧ ಕುದುರಿಸುತ್ತಾರೆ. ದೊಡ್ಡಮ್ಮನ ಮಗಳು ಸುಮತಿ ಚಿಕ್ಕಂದಿನಲ್ಲೇ ಜ್ವರದಲ್ಲಿ ಹೋಗಿದ್ದಳು. ಇದ್ದಿದ್ದರೆ ಆಗ ಅವಳಿಗೆ ಮದುವೆಯ ವಯಸ್ಸು. ದೊಡ್ಡಮ್ಮ ಕೇಳಿದಾಗಲೆಲ್ಲ ದೊಡ್ಡಪ್ಪ, "ಸತ್ತವರಿಗೆ ಎಂಥ ಮದುವೆ? ಮರುಳಾ ನಿಂಗೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಮೇಲೆ ದೊಡ್ಡಮ್ಮ ಕೇಳುವುದನ್ನು ಬಿಟ್ಟು ಕ್ಯಾಸೆಟ್ ಹಾಕಿಸತೊಡಗಿದ್ದರು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ದೊಡ್ಡಪ್ಪನೇ ಹೇಳಿದರು: "ಬಂಟ್ವಾಳದ ಕಡೆ ಒಬ್ಬ ಹುಡುಗ ಇದ್ದನಂತೆ. ವಿಚಾರಿಸುವ."

ಮದುವೆಯ ದಿನ ಎರಡು ಮಣೆ ಹಾಕಿದರು. ಒಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. "ತಾಯಿ ಹೆಸರು ಹಿಡಿದು ಕರೀಲಿ," ಎಂದರು ಹಿರಿಯರು.

"ಸುಮತೀ, ಬಾ ಮಗಾ."

ಕರೆದ ದೊಡ್ಡಮ್ಮ ಮಣೆಯನ್ನು ನೋಡಲಿಲ್ಲ, ಉಪ್ಪರಿಗೆಯ ಮೆಟ್ಟಿಲನ್ನು ನೋಡಿದರು. ನಾವೂ ನೋಡಿದೆವು. ಯಾರೂ ನಗಲಿಲ್ಲ. ದೊಡ್ಡಪ್ಪ ಹೆಗಲಿನ ಬೈರಾಸನ್ನು ಮುಖಕ್ಕೆ ಒತ್ತಿಕೊಂಡರು.

"ಇನ್ನೊಮ್ಮೆ ಕರಿ ಮಾರಾಯ್ತಿ," ಎಂದರು.