ಸೊಸೆಯ ಥೀಸಿಸ್ಸಿಗೆ ನಾನು ಕಲಿಸಿದ ಮರ್ಯಾದೆ

2004ರ ನನ್ನ ಡೈರಿಯಲ್ಲಿ, ಯುಗಾದಿಯ ಮಾರನೆಯ ದಿನದ ಪುಟದಲ್ಲಿ, ಹೀಗಿದೆ: ‘ಇಂದಿನಿಂದ ಸೊಸೆಯ ಕಂಪ್ಯೂಟರು ನನ್ನ ಸುಪರ್ದಿಗೆ.’ ಓದಿದವರಿರುವ ಮನೆಯಲ್ಲಿ ಒಂದಲ್ಲ ಒಂದು ಅವಾಂತರ ಇದ್ದೇ ಇರುತ್ತದೆ. ನಮ್ಮಲ್ಲಿ ಓದಿದವರು ಇಬ್ಬರು: ಆ ಕಾಲಕ್ಕೇ ಬಿ.ಎ. ಮಾಡಿದ ನಾನು, ಪಿಎಚ್.ಡಿ. ಮಾಡುತ್ತಿದ್ದ ಸೊಸೆ. ಹುಣಸೂರಿನ ಕಾಲೇಜೊಂದರಲ್ಲಿ ಅವಳದು ತಾತ್ಕಾಲಿಕ ಕೆಲಸ. ಡಾಕ್ಟರೇಟ್ ಬಂದರಷ್ಟೇ ಕಾಯಂ ಎಂದಿದ್ದರು.

ಚುಂಚನಕಟ್ಟೆಯ ಕಾಲುವೆಗಳ ಬಗ್ಗೆ ಇಂಗ್ಲಿಷಿನಲ್ಲಿ ಅವಳ ಥೀಸಿಸ್. ಅದಕ್ಕೆ ಓದಿದ ಪುಸ್ತಕಗಳ ಪಟ್ಟಿ ಮಾಡಲು ಒಂದು ಸಾಫ್ಟ್‌ವೇರ್ ಹಾಕಿಸಿದ್ದಳು. ಲೇಖಕರು, ಪುಸ್ತಕ, ಪ್ರಕಾಶಕರು ಅಂತ ಖಾನೆ ತುಂಬಿದರೆ, ಎ ಬಿ ಸಿ ಡಿ ಪ್ರಕಾರ ಅದೇ ಜೋಡಿಸಿಕೊಡುತ್ತದೆ. ತುಂಬುವ ಕೆಲಸ ನಾನು ವಹಿಸಿಕೊಂಡೆ.

ಗಡ್ಡ

“ಅತ್ತೆ, ಬರೀ ಹೆಸರು ಹಾಕಿ ಸಾಕು” ಎಂದು ಹೇಳಿ ಸೊಸೆ ಕಾಲೇಜಿಗೆ ಹೋದಳು. ಪುಸ್ತಕ ಬರೆದ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದೇ? ಎಲ್ಲರಿಗೂ ‘ಶ್ರೀ’ ಹಾಕಿದೆ. ತೀರಿಕೊಂಡಿರಬಹುದು ಅನ್ನಿಸಿದವರಿಗೆ, ಲಗ್ನಪತ್ರಿಕೆಯಲ್ಲಿ ಹಾಕುವ ಹಾಗೆ, ‘ಲೇಟ್’ ಅಂತ ಹಾಕಿದೆ.

ಒಂದು ವಿದೇಶಿ ಹೆಸರು ಬಂತು. ಹೆಂಗಸಿನ ಹೆಸರಿನಂತಿತ್ತು. ಕುಮಾರಿಯೋ ಶ್ರೀಮತಿಯೋ? ಯಜಮಾನರನ್ನು ಕೇಳಿದೆ.

“ಎಸ್ರು ಎರಡೆರಡು ಅವೆಯಲ್ಲ, ಮದ್ವೆ ಆಗಿರ್ಬೇಕು ಬುಡು” ಅಂದರು.

‘ಶ್ರೀಮತಿ’ ಎಂದು ತುಂಬಿ, ಪುಸ್ತಕ ಮುಚ್ಚಿದೆ. ಹಿಂಬದಿಯಲ್ಲಿ ಫೋಟೋ ಇತ್ತು. ಎದೆಯವರೆಗೆ ಗಡ್ಡ.

ಅಪ್ಪನ ಪುಸ್ತಕ

ಸೊಸೆ ಮಾತಾಡಿಸಿದ್ದ ಇಬ್ಬರು ನೀರುಗಂಟಿಗಳ ಹೆಸರೂ ಪಟ್ಟಿಯಲ್ಲಿತ್ತು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಅಣ್ಣತಮ್ಮಂದಿರು. ಪಟ್ಟಿಯಲ್ಲಿ ತನ್ನ ಹೆಸರನ್ನು ಕಣ್ಣಾರೆ ನೋಡಲು ಅಣ್ಣ ನಮ್ಮ ಮನೆಗೇ ಬಂದ.

“ಇದೇನ್ರವ್ವಾ, ತಮ್ಮನ್ನ ಮ್ಯಾಲೆ ಹಾಕಿದ್ದೀರಿ! ನಾನು ಹಿರಿಯೋನು ಕಣ್ರವ್ವಾ!”

ನ್ಯಾಯವಾದ ಮಾತು. ಅಣ್ಣನನ್ನು ಮೇಲಕ್ಕೆ ಹಾಕಿದೆ, ಸಾಫ್ಟ್‌ವೇರ್ ಇಳಿಸಿತು. ಮತ್ತೆ ಹಾಕಿದೆ, ಮತ್ತೆ ಇಳಿಸಿತು.

“ಹಂಗಾರೆ ನಮ್ಮಪ್ಪನ್ನ ಹಾಕ್ಬುಡಿ. ಅವ್ನು ಮ್ಯಾಲಿದ್ರೆ ನಾವಿಬ್ರೂ ಮಕ್ಕಳೇ.”

ತೀರಿಹೋಗಿದ್ದ ಅವರಪ್ಪನಿಗೆ ‘ಲೇಟ್’ ಸೇರಿಸಿದೆ. ಎಲ್, ಎಸ್‌ಗಿಂತ ಮುಂಚೆ. ಹಾಗಾಗಿ ಅಪ್ಪ ತಾನಾಗಿಯೇ ಮೇಲೆ ಹೋಗಿ ಕೂತ. ಆದರೆ ಪುಸ್ತಕದ ಖಾನೆ ಖಾಲಿ.

“ಪುಸ್ತಕ ಯಾಕ್ರವ್ವಾ? ಅವ್ನು ತೋಡಿದ್ ಕಾಲ್ವೆ ಐತಲ್ಲ, ಹೋಗಿ ನೋಡ್ಕೊಳ್ಳಿ!”

‘ಕಾಲುವೆ’ ಎಂದು ತುಂಬಿದೆ. ಪ್ರಕಾಶಕರು: ಕಾವೇರಿ.

ವೈವಾ

ಗಡುವು ಹತ್ತಿರ ಬಂದಿತ್ತು. ಪಟ್ಟಿ ಮೆಷಿನ್ನಿನದು, ತಪ್ಪಿರಲಾರದು ಎಂದು ಸೊಸೆ ತಿರುವಿಯೂ ನೋಡದೆ ಪ್ರಿಂಟ್ ಹಾಕಿಸಿ ಕೊಟ್ಟುಬಂದಳು.

ಮೈಸೂರಿನಲ್ಲಿ ವೈವಾ. ಯಾರು ಬೇಕಾದರೂ ಬಂದು ಕೂರಬಹುದು ಅಂದಿದ್ದರಿಂದ ರೇಷ್ಮೆ ಸೀರೆ ಉಟ್ಟು ಹೋಗಿ ಮುಂದೆಯೇ ಕೂತೆ. ಹೊರಗಿನಿಂದ ಬಂದ ಪರೀಕ್ಷಕರು ತುಂಬ ವಯಸ್ಸಾದ ಪ್ರೊಫೆಸರು. ನೇರವಾಗಿ ಕೊನೆಯ ಪುಟಗಳಿಗೆ ಹೋದರು.

“ಏನಮ್ಮ, ಎ ಇಂದ ಕೆ ವರೆಗೆ ಒಬ್ಬರೂ ಇಲ್ಲ. ಎಲ್ಲರೂ ಎಲ್ ಮತ್ತು ಎಸ್‌ನಲ್ಲಿ ತುಂಬಿಕೊಂಡಿದ್ದಾರೆ. ಅದಿರಲಿ, ನಾನು ತೀರಿಕೊಂಡಿದ್ದು ಯಾವಾಗ?”

ಸೊಸೆಯ ಕಾಯಂ ಕೆಲಸ ಕಣ್ಣೆದುರೇ ಹೋಗುತ್ತಿತ್ತು. ನಾನು ಎದ್ದು ನಿಂತೆ.

“ಸಾರ್, ಹಾಕಿದ್ದು ನಾನು. ಪುಸ್ತಕ ನಾನು ಸ್ಕೂಲಿನಲ್ಲಿದ್ದ ಕಾಲದ್ದು. ಬರೆದವರು ಇನ್ನೂ ಇರ್ತಾರೆ ಅಂದ್ಕೊಳ್ಳಲಿಲ್ಲ.”

“ಅದನ್ನು ಬರೆದಾಗ ನಾನು ಚಿಕ್ಕ ಹುಡುಗ ಕಣಮ್ಮ!”

“ಅಷ್ಟು ಚಿಕ್ಕ ವಯಸ್ಸಿಗೇ ಅಷ್ಟು ಬೇಜಾರಿನ ಪುಸ್ತಕ ಬರೀತಾರೆ ಅಂತ ನನಗೇನು ಗೊತ್ತು ಸಾರ್?”

ಸೊಸೆ ಕಣ್ಣು ಮುಚ್ಚಿಕೊಂಡಳು. ಪ್ರೊಫೆಸರು ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದು, “ಥೀಸಿಸ್ ಚೆನ್ನಾಗಿದೆ. ಪಟ್ಟಿ ತಿದ್ದಿ ಕೊಡಿ, ಡಿಗ್ರಿ ಕೊಡೋಣ” ಅಂದರು. ಮತ್ತೆ ಪಟ್ಟಿಯ ಮೇಲೆ ಬೆರಳಿಟ್ಟರು. “ನನ್ನ ಕೆಳಗೆ ಇನ್ನೊಬ್ಬರಿದ್ದಾರಲ್ಲ, ಅವರೂ ಬದುಕಿದ್ದಾರೆ. ನನ್ನ ಪ್ರತಿ ಪುಸ್ತಕಕ್ಕೂ ತಪ್ಪು ಹುಡುಕಿದವರು. ಅವರದು ಮಾತ್ರ ತಿದ್ದಬೇಡಿ.”

ಒಟ್ಟು ಆದ ಖರ್ಚು: ಥೀಸಿಸ್ಸಿಗೆ ಮತ್ತೊಮ್ಮೆ ಪ್ರಿಂಟು, ಬೈಂಡಿಂಗು, ಪಟ್ಟಿ ತಿದ್ದಿದಾಗ ಅಪ್ಪನ ಹೆಸರು ಹೋಗಿ ತಮ್ಮನ ಕೆಳಗೇ ಉಳಿದ ನೀರುಗಂಟಿ ಅಣ್ಣನಿಗೆ ಒಂದು ಶಾಲು, ಕಂಪ್ಯೂಟರಿಗೆ ಒಂದು ಪಾಸ್‌ವರ್ಡು. ಅದನ್ನು ಡಾಕ್ಟರ್ ಸೊಸೆ ನನಗೆ ಇವತ್ತಿಗೂ ಹೇಳಿಲ್ಲ.